ಪೂಜೆಗೆ ಕೂತ ಸ್ಟ್ಯಾಂಡುಗಳು

ರಾಣೆಬೆನ್ನೂರು
ಇಸವಿ 2171, ಆಯುಧಪೂಜೆಯ ಮರುದಿನ

ಗುರುಶಾಂತಪ್ಪನವರಿಗೆ,

ತೀರ್ಥರೂಪ ಎಂದು ಬರೆಯಲು ಕೈ ಏಳಲಿಲ್ಲ. ಇಸವಿ ನೋಡಿ ಗಾಬರಿಯಾಗಬೇಡಿ. ನಾನು ಶಿವಲೀಲಾ, ನಿಮ್ಮ ಮರಿಮಗನ ಮೊಮ್ಮಗಳು. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನೀವು ಕೊಂಡ ಹಳೆಯ ಕಾರು ಇನ್ನೂ ನಮ್ಮಲ್ಲಿದೆ. ಎಂಜಿನ್ ಕಿತ್ತು ಬ್ಯಾಟರಿ ಕೂರಿಸಿ ಎಷ್ಟೋ ಕಾಲವಾದರೂ ಅದನ್ನು ಎಣ್ಣೆಗಾಡಿ ಎಂದೇ ಕರೆಯುತ್ತಾರೆ. ತಂಪುಹೊತ್ತಿನಲ್ಲಿ, ಅಂದರೆ ಬಿಸಿಲೇರುವ ಮುಂಚೆ ಹೊರಗೆ ತಿರುಗಲು ಅಪ್ಪಣೆಯಿರುವ ಹೊತ್ತಿನಲ್ಲಿ, ಓಣಿಯ ಮನೆಗಳಿಗೆ ನೀರಿನ ಕ್ಯಾನು ಹಾಕಿ ಬರುವುದು ಅದರಲ್ಲೇ. ಅದೇ ನಮ್ಮ ಅನ್ನ. ಇಂಥ ಗಾಡಿಯನ್ನು ಯಾವ ಗ್ಯಾರೇಜಿನವರೂ ಮುಟ್ಟುವುದಿಲ್ಲವಾದ್ದರಿಂದ ಅಂಗಳದಲ್ಲಿ ಎತ್ತಿ, ನಾವೇ ಕೆಳಗೆ ಮಲಗಿ ರಿಪೇರಿ ಮಾಡುತ್ತೇವೆ.

ಎತ್ತಿದ ಕಾರನ್ನು ಹೊರಲೆಂದು ನೀವು ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡುಗಳನ್ನು ತಂದಿರಿ. ಆಮೇಲೆ ಮಾಡಿದ್ದೇನು? ಆಯುಧಪೂಜೆಗೆ ಹಲಗೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ಚೆಂಡು ಹೂವು ಮುಡಿಸಿದಿರಿ. ಪೂಜೆಯಾದದ್ದನ್ನು ಮಣ್ಣಿಗೆ ಇಳಿಸಲು ಮನಸ್ಸಾಗದೆ ಕಾರಿಗೆ ಇಟ್ಟಿಗೆ ಕೊಟ್ಟಿರಿ. ನಿಮ್ಮ ಅದೃಷ್ಟ ಗಟ್ಟಿಯಿತ್ತು, ಏನೂ ಆಗಲಿಲ್ಲ. ಅದೇ ಮನೆಯ ಪದ್ಧತಿಯಾಯಿತು. ತಲೆತಲಾಂತರದಿಂದ ಸ್ಟ್ಯಾಂಡಿಗೆ ಆರತಿ, ಮನುಷ್ಯರಿಗೆ ಇಟ್ಟಿಗೆ. ಎಂಥ ಭಕ್ತಿ ನಿಮ್ಮದು!

ಹೋದ ಯುಗಾದಿಯ ಹೊತ್ತಿಗೆ ನನ್ನ ತಮ್ಮ ಕೊಟ್ರೇಶ ಬ್ರೇಕಿನ ಪೈಪು ಬಿಗಿಯಲು ಕೆಳಗೆ ಹೋದ. ಜಾಕ್ ಸರಿಯಿತು, ಭಾರವೆಲ್ಲ ಇಟ್ಟಿಗೆಯ ಮೇಲೆ ಬಿತ್ತು. ಇಟ್ಟಿಗೆ ಬಾಗಿ ಎಚ್ಚರಿಸುವುದಿಲ್ಲ, ಪುಡಿಯಾಗುತ್ತದೆ. ಓಣಿಯವರೆಲ್ಲ ಸೇರಿ ಕಾರು ಎತ್ತುವಷ್ಟರಲ್ಲಿ ಅವನಿರಲಿಲ್ಲ. ದೇವರ ಕೋಣೆಯಲ್ಲಿ ನಿಮ್ಮ ಸ್ಟ್ಯಾಂಡುಗಳು ತುಕ್ಕು ಹಿಡಿಯದೆ ಫಳಫಳ ಹೊಳೆಯುತ್ತಿದ್ದವು.

ಅಂದಿನಿಂದ ಗಾಡಿ ನಿಂತೇ ಇತ್ತು, ಕ್ಯಾನುಗಳನ್ನು ತಲೆಯ ಮೇಲೆ ಹೊತ್ತು ಹಾಕಿದೆವು. ಇವತ್ತು ಅವನು ಅರ್ಧಕ್ಕೆ ಬಿಟ್ಟ ಪೈಪು ಬಿಗಿಯಲು ನಾನು ಸ್ಟ್ಯಾಂಡುಗಳನ್ನು ಹೊರಗೆ ತಂದೆ. ಅವ್ವ ಬಾಗಿಲಿಗೆ ಅಡ್ಡ ನಿಂತಳು. "ದೇವ್ರ ಮುಂದ ಇಟ್ಟಿದ್ದನ್ನ ಗಾಡಿ ಬುಡಕ ಹಾಕ್ತೀಯೇನ? ನಿನ್ನ ಕೈ ಬಿದ್ದು ಹೋಗ್ತಾವ ನೋಡ!" ಮಗನನ್ನು ಕಳೆದುಕೊಂಡ ತಾಯಿಯ ಬಾಯಲ್ಲಿ ಈ ಮಾತು ಇಟ್ಟವರು ನೀವು. ಅದಕ್ಕೇ ನಿಮ್ಮನ್ನು ದ್ವೇಷಿಸುತ್ತೇನೆ.

ಅವಳನ್ನು ಪಕ್ಕಕ್ಕೆ ಸರಿಸಿದೆ. ಗಟ್ಟಿ ಸಮನೆಲ ನೋಡಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಗಾಲಿಗಳಿಗೆ ಎರಡೂ ಕಡೆ ಕಲ್ಲು ಒತ್ತಿದೆ. ಜಾಕ್ ಇರುವುದು ಎತ್ತಲಿಕ್ಕೆ ಮಾತ್ರ. ಅದರಿಂದ ಕಾರಿನ ಮುಂಭಾಗ ಎತ್ತಿ, ತುಕ್ಕು ತಿಂದ ತಗಡು ಬಿಟ್ಟು, ಗಟ್ಟಿಯಿರುವ ಚಾಸಿಯ ಕೆಳಗೆ ಎರಡೂ ಬದಿ ಸ್ಟ್ಯಾಂಡು ಕೊಟ್ಟು ಕಾರನ್ನು ಅವುಗಳ ಮೇಲೆ ಇಳಿಸಿದೆ. ಕೆಳಗೆ ಹೋಗುವ ಮುಂಚೆ ಜೋರಾಗಿ ಅಲ್ಲಾಡಿಸಿ ನೋಡಿದೆ. ಕದಲಲಿಲ್ಲ. ನನ್ನ ಕೈ ಬಿದ್ದಿಲ್ಲ, ಅದೇ ಕೈಯಿಂದ ಇದನ್ನು ಬರೆಯುತ್ತಿದ್ದೇನೆ.

ಈ ಕಾಗದ ನಿಮ್ಮ ಮೊದಲ ಪೂಜೆಯ ಬೆಳಿಗ್ಗೆಯೇ ತಲುಪಲಿ. ಕುಂಕುಮದ ಬಟ್ಟಲು ಮುಚ್ಚಿ, ಸ್ಟ್ಯಾಂಡುಗಳನ್ನು ಅಂಗಳಕ್ಕೆ ಒಯ್ಯಿರಿ. ಗ್ರೀಸು ಮೆತ್ತಲಿ, ಬಣ್ಣ ಕೀಳಲಿ. ಹಾಗಾದರೆ ಕೊಟ್ರೇಶ ಕಾರಿನ ಕೆಳಗಿಂದ ಪಾನಾ ಕೊಡೆಂದು ಕೂಗುತ್ತಾನೆ. ನಾನು ಗೊಣಗುತ್ತ ಕೊಡುತ್ತೇನೆ. ನಿಮ್ಮ ಹೆಸರೂ ನನಗೆ ಗೊತ್ತಿರುವುದಿಲ್ಲ.

ಶಿವಲೀಲಾ