ಹಳೆಯ ಪರದೆಯ ಕೊನೆಯ ಸಾಲು

ಮಾರ್ಚ್ ೧೧, ಮಂಗಳವಾರ

ಗುಂಡಮ್ಮನಿಗೆ, ಅಮ್ಮನ ಆಶೀರ್ವಾದಗಳು.

ನಿನ್ನ ಡಾಕ್ಟರು ಕೇಳಿದ್ದ ಕಾಗದ ಸಿಕ್ಕಿದೆ, ಇದರ ಜೊತೆಗೇ ಇಟ್ಟಿದ್ದೇನೆ. ಆರನೇ ವಯಸ್ಸಿನಲ್ಲಿ ನಿನ್ನ ಹೃದಯದ ತೂತಿಗೆ ಹಾಕಿದ ತೇಪೆ ಯಾವ ಬಗೆಯದು, ಎಷ್ಟು ದೊಡ್ಡದು, ಎಲ್ಲ ಅದರಲ್ಲಿದೆ. ಅದು ತಿಳಿಯದೆ ಈ ಸಲದ ಆಪರೇಷನ್‌ಗೆ ಕೈಹಾಕುವುದಿಲ್ಲ ಅಂದಿದ್ದರಲ್ಲ, ಇನ್ನು ಆ ಚಿಂತೆ ಬೇಡ.

ಅದನ್ನು ತೆಗೆಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಆಸ್ಪತ್ರೆಯವರು ಆ ಕಾಲದ ಕಾಗದಗಳನ್ನೆಲ್ಲ ಎಂದೋ ವಿಲೇವಾರಿ ಮಾಡಿದ್ದಾರೆ. ನಾನು ಅಲ್ಲಿ ಟೈಪಿಸ್ಟ್ ಆಗಿದ್ದಾಗಿನ ಫ್ಲಾಪಿಗಳು ಮಾತ್ರ ಒಂದು ಬಿಸ್ಕತ್ ಡಬ್ಬಿಯಲ್ಲಿ ಉಳಿದಿದ್ದವು. ಆ ಕಂಪ್ಯೂಟರ್ ಗುಜರಿ ಸೇರಿ ಯಾವ ಕಾಲವಾಯಿತೋ. ಈಗಿನವು ಆ ಫೈಲುಗಳ ಮುಖವನ್ನೂ ನೋಡುವುದಿಲ್ಲ. ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮೇಡಂ, ಅವರೂ ನಿವೃತ್ತಿಗೆ ಹತ್ತಿರ ಬಂದವರೇ, ಎಮ್ಯುಲೇಟರ್ ಅಂತ ಒಂದನ್ನು ಹಾಕಿದರು. ಹೊಸ ಯಂತ್ರಕ್ಕೆ ಹಳೆಯ ಯಂತ್ರದ ವೇಷ ಕಟ್ಟಿಸುತ್ತದಂತೆ. ಪರದೆಯ ಒಂದು ಮೂಲೆಯಲ್ಲಿ ನನ್ನ ಹಳೆಯ ಟೈಪಿಂಗ್ ಪ್ರೋಗ್ರಾಂ ಎದ್ದು ಕೂತಿತು. ಅದೇ ಕಪ್ಪು, ಅದೇ ಹಸಿರು ಅಕ್ಷರ.

ಅಲ್ಲಿಂದ ಮುಂದೆ ಅವರಿಗೂ ತಿಳಿಯಲಿಲ್ಲ. ಮೌಸ್ ಎಷ್ಟು ಆಡಿಸಿದರೂ ಅದು ಜಪ್ಪಯ್ಯ ಅನ್ನಲಿಲ್ಲ. ಇದು ನಿಮ್ಮ ಮಾತೇ ಕೇಳೋದು ಅಮ್ಮಾ, ನೀವೇ ಕೂತ್ಕೊಳ್ಳಿ, ಫೈಲಿನ ಹೆಸರೆಲ್ಲ ಬರೀ ನಂಬರೇ ಅಂತ ಕುರ್ಚಿ ಬಿಟ್ಟುಕೊಟ್ಟರು. ವಾರ್ಡು, ಹಾಸಿಗೆ, ತಿಂಗಳು ಸೇರಿಸಿ ಹೆಸರಿಡುತ್ತಿದ್ದವಳು ನಾನೇ. ನಿನ್ನದನ್ನು ಹುಡುಕಬೇಕಾಗಿಯೇ ಇರಲಿಲ್ಲ, ಬೆರಳು ತಾನಾಗಿ ಒತ್ತಿತು.

ಗುಂಡಮ್ಮ, ಆ ಪುಟದ ಕೊನೆಯ ಸಾಲನ್ನು ನೀನು ಓದಿಯೇ ಓದುತ್ತೀಯ. ತಾಯಿ ಒಪ್ಪಿಲ್ಲ, ತಂದೆಯ ಸಹಿಯ ಮೇಲೆ ಆಪರೇಷನ್ ಮಾಡಲಾಗಿದೆ ಅಂತಿದೆ. ಡಾಕ್ಟರು ಹೇಳಿದ್ದನ್ನು ಟೈಪ್ ಮಾಡಿದವಳೂ ನಾನೇ.

ನಿನ್ನ ಕಾಯಿಲೆಗೆ ಹೆದರಿ ಅಪ್ಪ ಬಿಟ್ಟುಹೋದರು ಅಂತ ನಿನಗೆ ಹೇಳುತ್ತಾ ಬಂದೆ. ಹೆದರಿದವಳು ನಾನು. ಹಿಂದಿನ ವಾರವಷ್ಟೇ ಅದೇ ಆಪರೇಷನ್ನಿನಲ್ಲಿ ತೀರಿಕೊಂಡ ಇಬ್ಬರು ಮಕ್ಕಳ ಕಾಗದ ಟೈಪ್ ಮಾಡಿದ್ದೆ. ಇದ್ದಷ್ಟು ದಿನ ನನ್ನ ಮಡಿಲಲ್ಲಿರಲಿ, ಕೊಡುವುದಿಲ್ಲ ಅಂತ ಹಟ ಹಿಡಿದೆ. ನಾನು ಡ್ಯೂಟಿಯಲ್ಲಿದ್ದಾಗ ನಿನ್ನಪ್ಪ ಸಹಿ ಹಾಕಿದರು. ನೀನು ಬದುಕಿ ಬಂದೆ. ಆದರೂ ನನ್ನ ಬೆನ್ನ ಹಿಂದೆ ಮಾಡಿದರಲ್ಲ ಅನ್ನುವ ಸಿಟ್ಟು ಇಳಿಯಲಿಲ್ಲ. ಸಿಟ್ಟೋ, ನಾಚಿಕೆಯೋ. ನಿಮ್ಮ ಮುಖ ನೋಡಲಾರೆ, ಹೋಗಿ ಅಂದೆ. ಆಮೇಲೆ ಎರಡು ಸಲ ಬಾಗಿಲಿಗೆ ಬಂದರು. ತೆರೆಯಲಿಲ್ಲ.

ಪ್ರಿಂಟ್ ಕೊಡುವ ಮುಂಚೆ ಕರ್ಸರನ್ನು ಆ ಸಾಲಿಗೆ ತಂದು ಬಹಳ ಹೊತ್ತು ಕೂತಿದ್ದೆ. ಇಡೀ ಸಾಲು ಅಳಿಸುವ ಕೀ ಯಾವುದೆಂದು ನನಗೆ ಚೆನ್ನಾಗಿ ಗೊತ್ತು. ಸುಸ್ತಾಯ್ತಾ ಅಮ್ಮಾ, ನೀರು ಕುಡೀತೀರಾ ಅಂತ ಮೇಡಂ ಕೇಳಿದರು. ಹೂಂ ಅಂದೆ. ನಿಜಕ್ಕೂ ಸುಸ್ತಾಗಿತ್ತು ಕಣೇ. ಮೂವತ್ತೆರಡು ವರ್ಷ ಒಂದೇ ಸುಳ್ಳನ್ನು ಹೊತ್ತು ತಿರುಗಿದ್ದೇನೆ. ಇದ್ದದ್ದನ್ನು ಇದ್ದ ಹಾಗೇ ಪ್ರಿಂಟ್ ಮಾಡಿದೆ.

ಕೋಪ ಬಂದರೆ ಬರಲಿ. ಮಾತ್ರೆ ಮಾತ್ರ ತಪ್ಪಿಸಬೇಡ.

ನಿನ್ನ ಅಮ್ಮ

ತಾ.ಕ.: ನಿನ್ನೆ ನಿನ್ನಪ್ಪನಿಗೆ ಫೋನ್ ಮಾಡಿದೆ. ಯಾವ ಆಸ್ಪತ್ರೆ, ಯಾವ ತಾರೀಖು ಅಂತ ಕೇಳಿ ಬರೆದುಕೊಂಡರು. ಬರಲಾ ಅಂದರು. ಅದನ್ನು ಅವಳನ್ನೇ ಕೇಳಬೇಕು ಅಂದೆ. ಅವರ ನಂಬರನ್ನು ಈ ಹಾಳೆಯ ಹಿಂದೆ ಬರೆದಿದ್ದೇನೆ. ಇಷ್ಟು ವರ್ಷವೂ ಅದು ನನ್ನ ಹತ್ತಿರ ಇತ್ತು.