ಆರುನೂರು ಮೆಚ್ಚುಗೆಯ ತಂತಿ

ಮಾರ್ಚ್ 3
ಬೆಳಗಿನಿಂದ ಮೂರು ಲಿಫ್ಟ್ ಸರ್ವೀಸ್. ಊಟದ ಹೊತ್ತಿಗೆ ಫೋನ್ ನೋಡಿದೆ. ಲಿಫ್ಟ್ ಮೆಕ್ಯಾನಿಕ್‌ಗಳ ನಮ್ಮ ಆನ್‌ಲೈನ್ ಗುಂಪಿನಲ್ಲಿ ಒಂಬತ್ತು ಸಾವಿರ ಜನ, ‘ವರ್ಷದ ಸದಸ್ಯ’ ನಾನಂತೆ! ಬಾಗಿಲು ತೆರೆದಿದ್ದರೆ ಲಿಫ್ಟ್ ಓಡದಂತೆ ತಡೆಯುವ ಡೋರ್ ಸ್ವಿಚ್ ಕೆಟ್ಟರೆ ಅದರ ಎರಡು ತಂತಿ ನೇರ ಜೋಡಿಸಿ, ಹೊಸದು ಬರುವವರೆಗೆ ಓಡಿಸಿ ಎಂದು ಎರಡು ವರ್ಷದ ಹಿಂದೆ ಒಬ್ಬರ ಪ್ರಶ್ನೆಗೆ ಉತ್ತರ ಬರೆದಿದ್ದೆನಲ್ಲ, ಅದಕ್ಕೆ. ಆರುನೂರು ಲೈಕ್. ಅದನ್ನು ನೋಡಿ ಹೊಸ ಕಂಪನಿಯವರು ಸೂಪರ್‌ವೈಸರ್ ಕೆಲಸಕ್ಕೆ ಕರೆದಿದ್ದಾರೆ. ಹೆಂಡತಿ ಆಗಲೇ ತನ್ನ ಅಣ್ಣನಿಗೆ ಫೋನ್ ಮಾಡಿಬಿಟ್ಟಳು. ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಮಾರ್ಚ್ 9, ಮಧ್ಯಾಹ್ನ
ಒಬ್ಬ ಮೆಕ್ಯಾನಿಕ್ ಆಸ್ಪತ್ರೆಯಿಂದ ಗುಂಪಿಗೆ ಬರೆದಿದ್ದಾನೆ. ನನ್ನ ಉತ್ತರ ನೋಡಿ ತಂತಿ ಜೋಡಿಸಿದನಂತೆ. ತೆಗೆಯಲು ಮರೆತನಂತೆ. ಬಾಗಿಲು ತೆರೆದಿತ್ತು, ಒಂದು ಕಾಲು ಒಳಗಿಟ್ಟ... ಲಿಫ್ಟ್ ಮೇಲಕ್ಕೆ ಹೊರಟಿತು.
ಕಾಲು ಉಳಿಯಲಿಲ್ಲ. ಕೊನೆಯ ಸಾಲು: ‘ನಿಮ್ಮ ತಪ್ಪಲ್ಲ ಬಿಡಿ ಅಣ್ಣ.’
ಊಟದ ಡಬ್ಬಿ ಮುಚ್ಚಿಟ್ಟೆ.

ಅದೇ ದಿನ, ಸಂಜೆ
ನನ್ನ ಉತ್ತರದ ಕೆಳಗಿನದನ್ನೆಲ್ಲ ಓದಿದೆ, ಎರಡು ವರ್ಷದಲ್ಲಿ ಮೊದಲ ಸಲ ಗಮನವಿಟ್ಟು. ನಿವೃತ್ತ ಇನ್‌ಸ್ಪೆಕ್ಟರ್ ಒಬ್ಬರಿದ್ದಾರೆ, ಎಲ್ಲರೂ ‘ಗೊಣಗಜ್ಜ’ ಎನ್ನುತ್ತೇವೆ. ಅವತ್ತೇ ಬರೆದಿದ್ದರು: ‘ಬೇಡ್ರಪ್ಪ. ಹಾಕೋದು ಐದು ನಿಮಿಷ. ತೆಗೆಯೋದು ಮರೆತ್ರೆ ಒಂದು ಜೀವ.’
ಒಂದೇ ಒಂದು ಲೈಕ್ ಇಲ್ಲ. ನಾನು ಅದರ ಕೆಳಗೆ ಹಲ್ಲು ಕಿರಿಯುವ ಇಮೋಜಿ ಹಾಕಿದ್ದೆ.

ಮಾರ್ಚ್ 10
ನನ್ನ ಉತ್ತರವನ್ನು ಗುಂಪಿನಲ್ಲಿ ಎಲ್ಲಕ್ಕಿಂತ ಮೇಲೆ ಪಿನ್ ಮಾಡಿ ಲಾಕ್ ಮಾಡಿದ್ದಾರೆ, ನನ್ನ ಕೈಯಿಂದ ಅಳಿಸಲು ಆಗುತ್ತಿಲ್ಲ. ಅಡ್ಮಿನ್‌ಗೆ ಫೋನ್. ಅದನ್ನು ತೆಗೀರಿ, ಪ್ರಶಸ್ತಿ ಅಜ್ಜನಿಗೆ ಕೊಡಿ ಎಂದು ಅಂಗಲಾಚಿದೆ.
‘ಬ್ಯಾನರ್ ಎಲ್ಲಾ ಆಗೋಗಿದೆ ಗುರುವೇ. ಭಾನುವಾರ ಪ್ರಶಸ್ತಿ ಸಮಾರಂಭ ಕಳೀಲಿ, ನೋಡೋಣ.’
‘ಅಷ್ಟರೊಳಗೆ ಇನ್ನೆಷ್ಟು ಜನ ಓದ್ತಾರೆ ಸಾರ್?’
ಕಟ್ ಮಾಡಿದ.
ಹೆಂಡತಿ: ‘ಬಾಯಿ ಮುಚ್ಕೊಂಡಿರ್ರೀ. ಆ ಕೆಲಸ ಕೈತಪ್ಪಿದ್ರೆ?’ ಆಮೇಲೆ ಅವಳೇ ಅತ್ತಳು.

ಮಾರ್ಚ್ 15, ಭಾನುವಾರ, 11.40
ಆನ್‌ಲೈನ್ ಸಮಾರಂಭ. ಮೈಕ್ ಸಿಕ್ಕ ಕೂಡಲೇ ಹೇಳಿಬಿಟ್ಟೆ: ‘ನನ್ನ ಉತ್ತರ ತಪ್ಪು. ತಂತಿ ಹಾಕಿದವರು ಈಗಲೇ ಹೋಗಿ ಕೀಳಿ. ಸರಿಯಾಗಿ ಹೇಳಿದ್ದು ಅಜ್ಜ—’ ಮ್ಯೂಟ್ ಮಾಡಿದರು. ಗುಂಪಿನಿಂದಲೇ ಹೊರಗೆ ಹಾಕಿದರು. ಎಷ್ಟು ಜನರ ಕಿವಿಗೆ ಬಿತ್ತೋ, ದೇವರೇ ಬಲ್ಲ.

12.10
ಫೋನ್. ಕಾಲು ಕಳೆದುಕೊಂಡವನೇ.
‘ಅಣ್ಣ, ಕೇಳಿಸ್ಕೊಂಡೆ. ಅದೇ ಥರ ತಂತಿ ಊರಲ್ಲಿ ಇನ್ನೂ ನಾಲ್ಕು ಕಡೆ ಹಾಕಿದೀನಿ. ಆಸ್ಪತ್ರೆಯಿಂದ ಎಷ್ಟು ಬಡ್ಕೊಂಡ್ರೂ ಯಾರೂ ತೆಗೀತಿಲ್ಲ. ನೀವಾದ್ರೂ... ಬರ್ಕೊಳ್ಳಿ.’
ಹೆಂಡತಿ ಟೂಲ್ ಬ್ಯಾಗ್ ತಂದು ಬಾಗಿಲ ಬಳಿ ಇಟ್ಟಳು.
ಒಂದು, ಬಸ್ ನಿಲ್ದಾಣದ ಎದುರಿನ ಲಾಡ್ಜ್. ಎರಡು, ಹೆರಿಗೆ ಆಸ್ಪತ್ರೆ, ಹಿಂಬದಿಯ ಲಿಫ್ಟ್. ಮೂರು—