ನಾನು ಸುಟ್ಟ ತಮ್ಮ ಊಟಕ್ಕೆ ಕೂತಿದ್ದಾನೆ

ಮಾನ್ಯ ಪ್ರಮುಖ ಜಿಲ್ಲಾ ಅಧಿಕಾರಿಗಳೇ,

ನನ್ನ ತಮ್ಮ ಟೋಪಲಾಲ್ ಭುಸಾಲ್ ಬದುಕಿದ್ದಾನೆ. ನಾನಿದನ್ನು ಬರೆಯುತ್ತಿರುವ ಹೊತ್ತಿನಲ್ಲಿ ಅಂಗಳದಲ್ಲಿ ಕೂತು ಮೆಕ್ಕೆಜೋಳದ ತೆನೆ ಬಿಡಿಸುತ್ತಿದ್ದಾನೆ. ಅವನ ಕೆಮ್ಮು ಇಲ್ಲಿಗೆ ಕೇಳಿಸುತ್ತಿದೆ. ನಿಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ಮಾತ್ರ ಅವನು ಮೂರು ವರ್ಷದ ಹಿಂದೆ ತೀರಿಕೊಂಡಿದ್ದಾನೆ. ಅವನನ್ನು ಬದುಕಿರುವವರ ಕಡೆಗೆ ಬರೆದುಕೊಳ್ಳಿ ಎಂದು ಕೇಳಲು ಬಂದರೆ, ಹಾಗೆ ಬರೆದ ದಿನವೇ ಅವನ ಮಗಳ ಪೌರತ್ವ ಬಿದ್ದುಹೋಗುತ್ತದೆ ಎಂದಿರಿ. ಅಪ್ಪ ಬದುಕಿದರೆ ಮಗಳಿಗೆ ದೇಶವಿಲ್ಲ. ಮಗಳಿಗೆ ದೇಶ ಬೇಕಾದರೆ ಅಪ್ಪ ಸತ್ತೇ ಇರಬೇಕು. ಮೂವತ್ತನಾಲ್ಕು ವರ್ಷ ಈ ಜಿಲ್ಲೆಯ ಮಕ್ಕಳಿಗೆ ಪೌರನೀತಿ ಕಲಿಸಿದವನು ನಾನು. ಈ ಪಾಠ ನಮ್ಮ ಪುಸ್ತಕದಲ್ಲಿ ಇರಲಿಲ್ಲ.

ಅವನನ್ನು ಸಾಯಿಸಿದವರು ಯಾರು ಎಂದು ನೀವು ಕೇಳಬಹುದು. ನಾನೇ. ನನ್ನ ಕೈಯಾರೆ ಕೊಳ್ಳಿ ಇಟ್ಟೆ. ಆದರೆ ಬೆಂಕಿಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟದ್ದು ನಿಮ್ಮ ಕಚೇರಿಯ ಮೂರನೇ ಕಿಟಕಿ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಇಪ್ಪತ್ತೊಂದು ವರ್ಷದ ಹಿಂದೆ ಟೋಪಲಾಲ್ ದುಡಿಯಲು ಕೊಲ್ಲಿ ದೇಶಕ್ಕೆ ಹೋದ. ಆಗ ಮಗಳು ನಿರುತಾಗೆ ಎರಡು ವರ್ಷ. ಹೋಗುವ ಮುನ್ನ ಪೇಟೆಯ ಸ್ಟುಡಿಯೋದಲ್ಲಿ ಕಾಗದಪತ್ರಕ್ಕೆ ಫೋಟೋ ತೆಗೆಸಿದ್ದು ನನಗಿನ್ನೂ ನೆನಪಿದೆ. ಹದಿನಾಲ್ಕು ಜನರ ಸಾಲು, ಎಲ್ಲರಿಗೂ ಒಂದೇ ಢಾಕಾ ಟೋಪಿ, ನಮ್ಮ ನೇಪಾಳಿ ಟೋಪಿ. ಒಬ್ಬನ ತಲೆಯಿಂದ ತೆಗೆದು ಇನ್ನೊಬ್ಬನ ತಲೆಗೆ ಇಡುತ್ತ, "ಕಿವಿ ಕಾಣ್ಬೇಕು, ಎರಡೂ ಕಿವಿ!" ಎಂದು ಸ್ಟುಡಿಯೋದವನು ಕೂಗುತ್ತಿದ್ದ. ದೇಶಕ್ಕೆ ನಮ್ಮ ಗುರುತು ಅಷ್ಟೇ: ಎರವಲು ಟೋಪಿ, ಸ್ವಂತ ಕಿವಿ. ಆ ಹದಿನಾಲ್ಕರಲ್ಲಿ ಮೂವರು ಮರದ ಪೆಟ್ಟಿಗೆಯಲ್ಲಿ ಹಿಂದಿರುಗಿದರು. ಪೆಟ್ಟಿಗೆಯಲ್ಲಿ ಬಂದವರ ಕಾಗದಪತ್ರ ಎಷ್ಟು ಅಚ್ಚುಕಟ್ಟು ಎನ್ನುತ್ತೀರಿ! ಹೆಸರು, ಊರು, ಮುದ್ರೆ, ಸಹಿ, ಯಾವುದಕ್ಕೂ ಕೊರತೆಯಿಲ್ಲ. ನನ್ನ ತಮ್ಮನೂ ಹಾಗೆ ಬಂದಿದ್ದರೆ ನಿಮಗೆ ಎಷ್ಟು ಅನುಕೂಲವಾಗುತ್ತಿತ್ತು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಮೊದಲ ಎರಡು ವರ್ಷ ಫೋನ್ ಬರುತ್ತಿತ್ತು, ಕೆಳಗಿನ ಅಂಗಡಿಗೆ. ಅಂಗಡಿಯವನು ಗುಡ್ಡಕ್ಕೆ ಮುಖ ಮಾಡಿ ಕೂಗಿದರೆ ನಾವು ಓಡುತ್ತಿದ್ದೆವು. ಆಮೇಲೆ ಅಂಗಡಿಯವನೂ ಕತಾರಿಗೆ ಹೋದ. ಅಂಗಡಿಗೆ ಬೀಗ ಬಿತ್ತು, ಫೋನ್ ಸತ್ತಿತು. ತಮ್ಮನಿಗೆ ಬಾಯಿಪಾಠವಿದ್ದದ್ದು ಆ ನಂಬರ್ ಒಂದೇ.

ಹದಿನಾರು ವರ್ಷ ಸುದ್ದಿಯಿಲ್ಲ. ಊರು ಬಿಟ್ಟವನ ಸುದ್ದಿ ಹನ್ನೆರಡು ವರ್ಷ ಬರದಿದ್ದರೆ ದರ್ಭೆಯ ಗೊಂಬೆ ಮಾಡಿ ಸುಟ್ಟು ಕರ್ಮ ಮಾಡುವುದು ನಮ್ಮಲ್ಲಿ ಇರುವ ಪದ್ಧತಿ. ಹನ್ನೆರಡು ಕಳೆದಾಗ ಊರಿನವರು ನೆನಪಿಸಿದರು. ತಮ್ಮನ ಹೆಂಡತಿ ಖಗೀಸರಾ ಒಪ್ಪಲಿಲ್ಲ. ಕೈಯಲ್ಲಿ ಕೆಂಪು ಬಳೆ, ಬೈತಲೆಯಲ್ಲಿ ಸಿಂಧೂರ ಇಟ್ಟುಕೊಂಡೇ ಇನ್ನೂ ನಾಲ್ಕು ವರ್ಷ ಕಾದಳು.

ಆಗ ನಿರುತಾಳ ನರ್ಸಿಂಗ್ ಮುಗಿಯಿತು. ಪರವಾನಗಿ ಪರೀಕ್ಷೆಗೆ ಕೂರಲು ಪೌರತ್ವ ಪತ್ರ ಬೇಕು. ತಾಯಿ ಮಗಳಿಬ್ಬರನ್ನೂ ಕರೆದುಕೊಂಡು ನಿಮ್ಮ ಮೂರನೇ ಕಿಟಕಿಗೆ ಬಂದೆ.

"ಅಪ್ಪ ಎಲ್ಲಿ?" ಅಂದರು ಒಳಗಿದ್ದವರು.

"ಕಾಣೆಯಾಗಿದ್ದಾರೆ ಹುಜೂರ್. ತಾಯಿ ಇದ್ದಾರಲ್ಲ, ಇವರ ಪೌರತ್ವ ಪತ್ರ ಇದೆ."

"ತಾಯಿ ಇದ್ದರೆ ಸಂತೋಷ. ಅಪ್ಪ ಇದ್ರೆ ಅಪ್ಪನ್ನ ಕರ್ಕೊಂಡು ಬನ್ನಿ, ಇಲ್ಲಾಂದ್ರೆ ಸತ್ತಿದ್ದಕ್ಕೆ ದಾಖಲೆ ತನ್ನಿ. ಕಾಣೆಯಾದವರಿಗೆ ನಮ್ಮಲ್ಲಿ ಕಾಲಮ್ಮಿಲ್ಲ."

ತಂದೆ ಅಥವಾ ತಾಯಿ ಎಂದು ಸಂವಿಧಾನದಲ್ಲಿ ಬರೆದಿರುವುದನ್ನು ನಾನು ಓದಿ ಹೇಳಿದೆ. "ಮಾಸ್ತರೇ, ಸಂವಿಧಾನ ಕಾಠ್ಮಂಡುವಲ್ಲಿದೆ," ಅಂದರು, "ಸರತಿಯಲ್ಲಿ ಹಿಂದೆ ಜನ ಕಾಯ್ತಿದ್ದಾರೆ."

ಊರಿಗೆ ಮರಳುವ ಜೀಪಿನಲ್ಲಿ ನಾನು ಖಗೀಸರಾಳ ಮನಸ್ಸು ತಿರುಗಿಸಿದೆ. ಗಂಡನ ಅಣ್ಣನ ಮುಖ ನೋಡಿ ಮಾತಾಡುವ ರೂಢಿ ನಮ್ಮಲ್ಲಿಲ್ಲ. ಅವಳು ಕಿಟಕಿಯ ಆಚೆಗೆ ನೋಡುತ್ತ, "ಕಾಗದಕ್ಕೋಸ್ಕರ ಮನುಷ್ಯನ್ನ ಸುಡ್ತಾರಾ?" ಎಂದು ಗುಡ್ಡಗಳನ್ನು ಕೇಳುವಂತೆ ಕೇಳಿದಳು. ನಾನು ಓದಿದವನು. ಹುಡುಗಿಯ ಭವಿಷ್ಯ ಅಂದೆ, ಶಾಸ್ತ್ರ ಅಂದೆ, ಹದಿನಾರು ವರ್ಷ ಬದುಕಿದ್ದವನು ಒಂದು ಮಾತು ಹೇಳಿ ಕಳಿಸುತ್ತಿರಲಿಲ್ಲವೇ ಅಂದೆ. ನನ್ನ ತರ್ಕದಲ್ಲಿ ಒಂದು ತಪ್ಪೂ ಇರಲಿಲ್ಲ. ಈಗಲೂ ಹುಡುಕುತ್ತೇನೆ, ಸಿಗುವುದಿಲ್ಲ.

ಫಾಲ್ಗುಣದಲ್ಲಿ ಕಾಳಿಗಂಡಕಿಯ ದಡದಲ್ಲಿ ಸುಟ್ಟೆವು. ದರ್ಭೆಯ ಮೈ, ತೆಂಗಿನಕಾಯಿಯ ತಲೆ, ಮೇಲೆ ಬಿಳಿ ಬಟ್ಟೆ. ಗಂಡುಮಕ್ಕಳಿಲ್ಲದ್ದರಿಂದ ತಲೆ ಬೋಳಿಸಿಕೊಂಡು ನಾನೇ ಕರ್ಮಕ್ಕೆ ಕೂತೆ. ಹುಲ್ಲು ಒಂದೇ ಉಸಿರಿಗೆ ಉರಿದುಹೋಯಿತು. ಕಾಯಿ ಮಾತ್ರ ಬಹಳ ಹೊತ್ತು ಸುಮ್ಮನಿದ್ದು, ಫಟ್ಟೆಂದು ಒಡೆಯಿತು. ನೀರು ಕೆಂಡದ ಮೇಲೆ ಬಿದ್ದು ಚುಂಯ್ ಅಂದಿತು. "ಅವರಿಗೆ ಬಾಯಾರಿಕೆ ಆಗಿತ್ತು," ಅಂದಳು ಖಗೀಸರಾ. ಅವತ್ತು ಬಳೆ ಒಡೆದಳು. ಒಂದು ವರ್ಷ ಬಿಳಿ ಉಟ್ಟಳು. ಆ ಚುಂಯ್ ಎಂಬ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಬಾಣಲೆಗೆ ಒಗ್ಗರಣೆ ಬಿದ್ದರೂ ನಾನು ಬೆಚ್ಚುತ್ತೇನೆ.

ಪುರೋಹಿತರ ಚೀಟಿ, ಸಾಕ್ಷಿಗಳ ಸಹಿ, ವಾರ್ಡಿನಲ್ಲಿ ಮರಣ ನೋಂದಣಿ. ಅದನ್ನು ತಂದು ಕೊಟ್ಟೊಡನೆ ನಿಮ್ಮ ಕಚೇರಿ ನಿರುತಾಳನ್ನು ನೇಪಾಳಿ ಎಂದು ಒಪ್ಪಿತು. ಅವಳು ಪರೀಕ್ಷೆ ಪಾಸಾಗಿ ಮಾಲ್ಟಾ ಎಂಬ ದ್ವೀಪಕ್ಕೆ ಹೋದಳು. ಅಲ್ಲಿಯ ಮುದುಕರಿಗೆ ಸ್ನಾನ ಮಾಡಿಸಿ ಗಂಜಿ ಕುಡಿಸುತ್ತಾಳೆ. ನೀನು ಯಾವ ದೇಶದವಳು ಎಂದು ಅವರು ದಿನವೂ ಕೇಳುತ್ತಾರಂತೆ. ಕೇಳಿದ್ದು ಮರೆತು ಮರುದಿನ ಮತ್ತೆ ಕೇಳುತ್ತಾರಂತೆ. ಅವಳು ದಿನವೂ ಉತ್ತರ ಹೇಳುತ್ತಾಳೆ.

ಕಳೆದ ಮಾರ್ಗಶಿರದಲ್ಲಿ, ಮಟಮಟ ಮಧ್ಯಾಹ್ನ, ಟೋಪಲಾಲ್ ಅಂಗಳಕ್ಕೆ ಬಂದು ನಿಂತ. ಖಗೀಸರಾ ಸಾಸಿವೆ ಒಣಗಿಸುತ್ತಿದ್ದಳು. ಕಿರುಚಲಿಲ್ಲ. ಒಂದು ಹಿಡಿ ಸಾಸಿವೆ ಎತ್ತಿಕೊಂಡು, "ಕಾಲು ತೋರ್ಸಿ," ಅಂದಳು.

"ಏನು?"

"ಕಾಲು. ಹಿಮ್ಮಡಿ ಯಾವ ಕಡೆ ಇದೆ ನೋಡ್ಬೇಕು."

ಅವನು ಚಪ್ಪಲಿ ಬಿಟ್ಟು, ಒಂದು ಸುತ್ತು ತಿರುಗಿ, ಎರಡೂ ಹಿಮ್ಮಡಿ ತೋರಿಸಿದ. ಅವಳು ಸಾಸಿವೆಯನ್ನು ಮತ್ತೆ ಮೊರಕ್ಕೆ ಹಾಕಿ, "ಒಡೆದು ಹೋಗಿವೆ, ಎಣ್ಣೆ ಹಚ್ಬೇಕು," ಅಂದಳು. ಗಮನಿಸಿ, ಮಾನ್ಯರೇ. ಒಬ್ಬ ಮನುಷ್ಯ ಬದುಕಿದ್ದಾನೋ ಸತ್ತಿದ್ದಾನೋ ಎಂಬ ತನಿಖೆ ನಮ್ಮ ಅಂಗಳದಲ್ಲಿ ಅರ್ಧ ನಿಮಿಷದಲ್ಲಿ ಮುಗಿಯಿತು. ನಿಮ್ಮಲ್ಲಿ ಒಂಬತ್ತು ತಿಂಗಳಾದರೂ ಮುಗಿದಿಲ್ಲ.

ಪಾಸ್‌ಪೋರ್ಟು, ಪೌರತ್ವ ಪತ್ರ ಎರಡನ್ನೂ ಕೊಲ್ಲಿಯ ಯಜಮಾನ ಕಿತ್ತಿಟ್ಟುಕೊಂಡಿದ್ದ. ತಪ್ಪಿಸಿಕೊಂಡು ಓಡಿದವನು ಮರಳುಗಾಡಿನಲ್ಲಿ ಇನ್ಯಾರದೋ ಮೇಕೆಗಳನ್ನು ಕಾಯುತ್ತ ಉಳಿದ. ಕಾಗದವಿಲ್ಲದವನು ಪೇಟೆಗೆ ಬಂದರೆ ಜೈಲು ಎಂದು ಹೆದರಿ ಬರಲೇ ಇಲ್ಲ. ಕೊನೆಗೆ ಸಿಕ್ಕಿಬಿದ್ದಾಗ ಜೈಲೇ ಅವನನ್ನು ಮನೆಗೆ ಕಳಿಸಿತು. ನಮ್ಮ ದೂತಾವಾಸದವರು ಅವನ ಮಾತು ಕೇಳಿ, ಇವನು ನೇಪಾಳಿ ಎಂದು ಬರೆದ ಒಂದು ಹಾಳೆ ಕೊಟ್ಟರು. ಒಂದೇ ಸಲದ ಪ್ರಯಾಣಕ್ಕೆ ಮಾತ್ರ. ವಿಮಾನ ಇಳಿದೊಡನೆ ಅದರ ಆಯುಸ್ಸು ಮುಗಿಯಿತು. ಅಂದರೆ ಅವನು ಆಕಾಶದಲ್ಲಿ ಇದ್ದಷ್ಟು ಹೊತ್ತು ನೇಪಾಳಿಯಾಗಿದ್ದ.

ಬಂದ ಮೂರನೇ ದಿನ ಅವನು ಕೇಳಿದ: "ದಾಯಿ, ನನ್ನನ್ನ ಸುಟ್ಟಿದ್ದು ಯಾವ ತಿಂಗಳು?"

"ಫಾಲ್ಗುಣ," ಅಂದೆ. ದಾಯಿ ಎನ್ನಿಸಿಕೊಂಡ ಅಣ್ಣ ತಮ್ಮನಿಗೆ ಹೇಳುವ ಮಾತೇ ಅದು?

ಅವನು ಬೆರಳು ಮಡಚಿ ಎಣಿಸಿದ. "ಫಾಲ್ಗುಣದಲ್ಲಿ ನಾನು ಚೆನ್ನಾಗೇ ಇದ್ದೆ," ಅಂದ. "ಕಪ್ಪು ಮೇಕೆ ಅವಳಿ ಮರಿ ಹಾಕಿತ್ತು."

ಪುರೋಹಿತ ಚೂಡಾಮಣಿಯವರ ಬಳಿಗೆ ಹೋದೆ. ಅವರು ಪಂಚಾಂಗ ಮುಚ್ಚಿ ನಕ್ಕರು. "ಇಂಥದ್ದು ಹಿಂದೆಯೂ ಆಗಿದೆ ಮಾಸ್ತರೇ. ಸುಟ್ಟವನು ಬಂದ್ರೆ ಏನ್ಮಾಡ್ಬೇಕು ಅಂತ ಶಾಸ್ತ್ರ ಬರೆದೋರಿಗೆ ಗೊತ್ತಿತ್ತು. ಮತ್ತೆ ಹುಟ್ಟಿಸೋಣ." ಹತ್ತು ದಿನ ಟೋಪಲಾಲ್ ಬಾಣಂತಿಯ ಮಗುವಿನ ಹಾಗೆ ಒಳಗೇ ಇದ್ದ. ಹನ್ನೊಂದನೇ ದಿನ ತುಪ್ಪ ಸವರಿ ಮೀಯಿಸಿ, ಐವತ್ತು ದಾಟಿದವನ ಕಿವಿಯಲ್ಲಿ ಅವನ ಹೆಸರನ್ನೇ ಮತ್ತೆ ಉಸುರಿದರು. ಜನಿವಾರ ಹಾಕಿದರು. ಅದೇ ಹೆಂಡತಿಯ ಜೊತೆ ಮತ್ತೆ ಮದುವೆ ಮಾಡಿಸಿದರು. ನಿರುತಾ ಮಾಲ್ಟಾದಿಂದ ಫೋನಿನಲ್ಲಿ ನೋಡುತ್ತ, "ಅಪ್ಪ ಅಮ್ಮನ ಮದುವೆ ನೋಡೋ ಭಾಗ್ಯ ಯಾರಿಗಿದೆ, ಠೂಲೋಬಾ!" ಎಂದು ತನ್ನ ದೊಡ್ಡಪ್ಪನಾದ ನನ್ನೊಡನೆ ನಗುತ್ತ ಅಳುತ್ತಿದ್ದಳು. ಹಿಂದುಳಿದವರದ್ದು ಎಂದು ನೀವೆಲ್ಲ ಹೇಳುವ ಆ ಹಳೆಯ ಶಾಸ್ತ್ರದಲ್ಲಿ ಹಿಂದಿರುಗಿ ಬರಲು ಒಂದು ಬಾಗಿಲಿದೆ. ನಿಮ್ಮ ಕಂಪ್ಯೂಟರಿನಲ್ಲಿ ಯಾಕಿಲ್ಲ?

ಮೂರನೇ ಕಿಟಕಿಗೆ ಮತ್ತೆ ಬಂದೆವು. ಹೆಸರು ಹುಡುಕಿ ನಿಮ್ಮ ನೌಕರರು, "ಇವರು ತೀರ್ಕೊಂಡಿದ್ದಾರಲ್ಲ," ಅಂದರು.

"ಹೌದು ಹುಜೂರ್," ಅಂದ ಟೋಪಲಾಲ್, "ಅದನ್ನೇ ಸರಿ ಮಾಡಿಸೋಣ ಅಂತ ಬಂದೆ."

"ಸತ್ತವರ ವಿಚಾರದಲ್ಲಿ ಹತ್ತಿರದ ಸಂಬಂಧಿಕರು ಅರ್ಜಿ ಕೊಡ್ಬೇಕು. ಅವರೇ ಕೊಡೋ ಹಾಗಿಲ್ಲ."

ಆಮೇಲೆ ನೀವೇ ನಮ್ಮನ್ನು ಒಳಗೆ ಕರೆದಿರಿ. ಚಹಾ ತರಿಸಿದಿರಿ. ನೀವು ಕೆಟ್ಟವರಲ್ಲ, ಅದನ್ನು ಇಲ್ಲಿ ಬರೆಯದಿದ್ದರೆ ಅನ್ಯಾಯವಾಗುತ್ತದೆ. ಮರಣ ನೋಂದಣಿ ರದ್ದಾಗಬೇಕಾದರೆ ಅದು ಸುಳ್ಳು ಎಂದು ನಾನು ಬರೆದುಕೊಡಬೇಕು, ಆ ಸುಳ್ಳಿನ ಮೇಲೆ ಕೊಟ್ಟ ಕಾಗದಗಳೆಲ್ಲ ಆಮೇಲೆ ನಿಲ್ಲುವುದಿಲ್ಲ ಎಂದು ಮೆತ್ತಗೆ ವಿವರಿಸಿದಿರಿ. "ಮಗಳದ್ದೂ?" ಎಂದು ಅವನು ಕೇಳಿದ. "ಅದೂ ಅದರ ಮೇಲೇ ನಿಂತಿದೆಯಲ್ಲ," ಅಂದಿರಿ. ಟೋಪಲಾಲ್ ಲೋಟದಲ್ಲಿ ಉಳಿದಿದ್ದ ಚಹಾ ಕುಡಿದು, ಅದನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟು, "ಹಾಗಾದ್ರೆ ಬೇಡ ಹುಜೂರ್. ನಾನು ಸತ್ತೇ ಇರ್ತೀನಿ," ಅಂದ. ನೀವು ಕಿಟಕಿಯ ಕಡೆ ನೋಡಿದಿರಿ. ನಾನು ನಿಮ್ಮನ್ನು ನೋಡುತ್ತಿದ್ದೆ.

ಅದೇ ತಿಂಗಳು ನಿಮ್ಮ ಕಚೇರಿಯಲ್ಲಿ ಒಂದು ಸಮಾರಂಭ ನಡೆಯಿತು. ಆಸ್ಟ್ರೇಲಿಯಾದ ಪ್ರಜೆಯಾಗಿರುವ ನಮ್ಮ ಜಿಲ್ಲೆಯ ಶ್ರೀಮಂತರೊಬ್ಬರಿಗೆ ಅನಿವಾಸಿ ನೇಪಾಳಿ ಪೌರತ್ವವನ್ನು ಹಾರ ಹಾಕಿ ಕೊಟ್ಟಿರಿ. ನನಗೆ ಅವರ ಮೇಲೆ ಸಿಟ್ಟಿಲ್ಲ. ಕೇಳುವುದಿಷ್ಟೇ: ಇನ್ನೊಂದು ದೇಶದ ಪಾಸ್‌ಪೋರ್ಟ್ ಇರುವವನು ನೇಪಾಳಿ, ಯಾವ ದೇಶದ್ದೂ ಇಲ್ಲದವನು ನೇಪಾಳಿಯಲ್ಲ ಎಂಬುದು ಯಾವ ಲೆಕ್ಕ? ನಮ್ಮ ಅಜ್ಜ ಬರ್ಮಾದ ಯುದ್ಧಕ್ಕೆ ಹೋಗಿ, ಆರು ವರ್ಷದ ಮೇಲೆ ನಡೆದುಕೊಂಡು ಮನೆಗೆ ಬಂದವರು. ಊರ ಮುಖಂಡ ಅವರನ್ನು ಕಟ್ಟೆಯ ಮೇಲೆ ಕೂರಿಸಿ, "ನಿನ್ನ ತಾಯಿ ನೀರು ತರ್ತಿದ್ದ ಒರತೆ ಯಾವ ಮರದ ಬುಡದಲ್ಲಿದೆ?" ಎಂದು ಕೇಳಿದನಂತೆ. ಅಜ್ಜ ಮರದ ಹೆಸರು ಹೇಳಿದರು. ಒಳಗೆ ಬಾ ಅಂದ. ಆ ಮುಖಂಡನಿಗೆ ಓದು ಬರಹ ಬರುತ್ತಿರಲಿಲ್ಲ, ಮಾನ್ಯರೇ.

ಈಗ ತಮ್ಮ ಹೇಗಿದ್ದಾನೆ ಎಂದರೆ, ಸತ್ತವರು ಇರುವ ಹಾಗೆ ಇದ್ದಾನೆ. ವಾರ್ಡಿನವರು ಬಂದರೆ ಮನೆಯ ಹಿಂದಕ್ಕೆ ಹೋಗುತ್ತಾನೆ. ಮದುವೆಮನೆಯಲ್ಲಿ ಫೋಟೋ ತೆಗೆಯುವವನು ಬಂದರೆ ಏಳುತ್ತಾನೆ. ಕೆಮ್ಮಿಗೆ ಆಸ್ಪತ್ರೆಗೆ ಹೋಗೋಣವೆಂದರೆ, "ಹೆಸರು ಕೇಳ್ತಾರೆ ದಾಯಿ," ಅನ್ನುತ್ತಾನೆ. ಫಾಲ್ಗುಣದಲ್ಲಿ ಅವನ ತಿಥಿ ಬಂದಾಗ ಎಂದಿನ ಅಡುಗೆಗೇ ಒಲೆ ಹಚ್ಚಿದೆವು. ಅವನೇ, "ನನ್ನ ತಿಥಿಗೆ ಪ್ರತಿವರ್ಷ ಖೀರು ಮಾಡ್ತಿದ್ರಂತೆ. ಈ ವರ್ಷ ನಾನೇ ಬಂದಿದ್ದೀನಿ, ನಿಲ್ಲಿಸಿಬಿಟ್ರಾ?" ಅಂದ. ಖಗೀಸರಾ ಮಾಡಿದಳು. ಅವನು ಎರಡು ಸಲ ಹಾಕಿಸಿಕೊಂಡು ಉಂಡ. ಸತ್ತವನೆಂದು ಹದಿಮೂರು ದಿನ ಪಿಂಡ ಇಟ್ಟ ನನ್ನ ಕೈಗೆ ಅವತ್ತು ತುತ್ತು ಕಲಸಲು ಆಗಲಿಲ್ಲ.

ನಿಮ್ಮ ಕಚೇರಿಯ ಈ ಷರತ್ತನ್ನು ನಿರುತಾಳಿಂದ ಮುಚ್ಚಿಟ್ಟಿದ್ದೆವು. ಕಳೆದ ವಾರ ಅವಳಿಗೆ ಗೊತ್ತಾಯಿತು. "ನನ್ನದು ರದ್ದಾಗ್ಲಿ ಠೂಲೋಬಾ, ಅಪ್ಪ ಬದುಕ್ಲಿ. ದಸೈಂ ಹಬ್ಬಕ್ಕೆ ಬಂದು ಪೌರತ್ವ ಪತ್ರಾನ ನಾನೇ ಅವರ ಮೇಜಿನ ಮೇಲೆ ಇಟ್ಟು ಬರ್ತೀನಿ," ಅಂದಳು. ಟಿಕೆಟ್ ತೆಗೆಸಿದ್ದಾಳೆ. ಇಟ್ಟರೆ ಅವಳು ಹಿಂದಿರುಗಿ ಹೋಗಲಾರಳು, ಇಲ್ಲಿಯವಳೂ ಆಗಲಾರಳು. ಅದು ತಿಳಿದ ಮೇಲೆ ತಮ್ಮ ನನ್ನನ್ನು ಕರೆದು, "ಅವಳು ಬರೋದ್ರೊಳಗೆ ನಾನು ಗಡಿ ದಾಟಿ ಭಾರತದ ಕಡೆ ಎಲ್ಲಾದ್ರೂ ಹೋಗ್ಬಿಡ್ತೀನಿ ದಾಯಿ. ಈ ಸಲ ಹನ್ನೆರಡು ವರ್ಷ ಕಾಯಬೇಡಿ," ಅಂದಿದ್ದಾನೆ. ಅವನ ಚೀಲ ಜಗಲಿಯ ಮೂಲೆಯಲ್ಲಿದೆ. ಹಗಲೆಲ್ಲ ನಾನು ಅದನ್ನು ಕಾಯುತ್ತಿದ್ದೇನೆ.

ಆದ್ದರಿಂದ ನನ್ನ ಬೇಡಿಕೆ. ಆ ಹುಡುಗಿ ಹುಟ್ಟಿದಾಗ ಅವಳ ಅಪ್ಪ ನೇಪಾಳಿ, ಅವ್ವ ನೇಪಾಳಿ. ಅವಳ ಪೌರತ್ವ ನಿಂತಿರುವುದು ಅವರ ಮೇಲೆ, ನಾನು ಸುಟ್ಟ ಹುಲ್ಲಿನ ಮೇಲೆ ಅಲ್ಲ. ಹಾಗೆಂದು ಆದೇಶ ಬರೆಯಿರಿ. ಆಮೇಲೆ ಟೋಪಲಾಲನ ಮರಣವನ್ನು ರದ್ದು ಮಾಡಿ. ಈ ಇಡೀ ವಿಚಾರದಲ್ಲಿ ಕಾನೂನಿಗೆ ಒಬ್ಬ ಅಪರಾಧಿ ಬೇಕೇ ಬೇಕೆಂದಾದರೆ, ಸುಳ್ಳು ಮಾಹಿತಿ ಕೊಟ್ಟವನು ನಾನು. ಈ ಪತ್ರವೇ ನನ್ನ ತಪ್ಪೊಪ್ಪಿಗೆ, ಇದನ್ನು ನಿಮ್ಮ ಫೈಲಿಗೆ ಸೇರಿಸಿ ನನ್ನನ್ನು ಕರೆಸಿ. ಬರುತ್ತೇನೆ.

ದಸೈಂನ ವಿಜಯದಶಮಿಗೆ ಇನ್ನು ಹದಿನೆಂಟು ದಿನ. ಇಪ್ಪತ್ತೊಂದು ವರ್ಷದ ಮೇಲೆ ತಮ್ಮ ನನ್ನೆದುರು ಹಣೆ ಒಡ್ಡಿ ಕೂರಬೇಕು. ಮೊಸರು ಅಕ್ಕಿ ಕೆಂಪು ಕಲಸಿದ ಟೀಕಾ ಇಟ್ಟು, ನೂರು ವರ್ಷ ಬಾಳು ಎಂದು ನಾನು ಹರಸಬೇಕು. ಮೂರು ವರ್ಷದ ಹಿಂದೆ ಇದೇ ಕೈಯಿಂದ ಅವನಿಗೆ ಬೆಂಕಿ ಇಟ್ಟೆ, ನಿಮ್ಮ ಕಚೇರಿ ಅದನ್ನು ಒಂದೇ ದಿನದಲ್ಲಿ ನಂಬಿತು. ಈಗ ಟೀಕಾ ಇಡುತ್ತೇನೆ. ಇದನ್ನೂ ನಂಬಿ.

ಇಂತಿ,
ತಮ್ಮನ ಚೀಲಕ್ಕೆ ಕಾವಲು ಕೂತಿರುವ,
ಹುಮಕಾಂತ ಭುಸಾಲ್
ನಿವೃತ್ತ ಪೌರನೀತಿ ಶಿಕ್ಷಕ, ಮರಣ ನೋಂದಣಿಯ ಮಾಹಿತಿದಾರ